ಗಾಳಿಯಲ್ಲಿ ಬರುವ ಟಿವಿಗೆ ಹೊಸ ಮಾನದಂಡ ಬೇಕಾ? ಕಲಬುರಗಿಯಲ್ಲಿ ನಿಂತು ನೋಡಿದರೆ

"ನೆಟ್ ಇಲ್ಲದೇ ಮೊಬೈಲ್‌ನಾಗ ಟಿವಿ ಬರ್ತದಂತಲ್ರಿ, ಖರೇನಾ?" ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗಳಲ್ಲಿ ಈ ಪ್ರಶ್ನೆ ಕೇಳಿಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ದೂರದರ್ಶನದ ಟವರ್ ಬಂದ್ ಮಾಡ್ಯಾರಲ್ಲ, ಮತ್ತ ಎಲ್ಲಿಂದ ಬರ್ತದ?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ಉತ್ತರ ಸಿಗುವುದು ಒಂದೇ ಕಡೆ. ಟವರ್‌ನಿಂದ ನೇರವಾಗಿ ಬರುವ ಡಿಜಿಟಲ್ ಟಿವಿಗೆ ಯಾವ ಮಾನದಂಡ ಇರಬೇಕು, ಈಗಿರುವುದು ಸಾಲದೇ ಎಂಬ ಚರ್ಚೆ ಅಮೆರಿಕ, ಬ್ರೆಜಿಲ್, ಕೊರಿಯಾದಿಂದ ಹಿಡಿದು ದೆಹಲಿಯವರೆಗೆ ನಡೆದಿದೆ. ಅದು ಕಲಬುರಗಿ, ಬೀದರ್, ಯಾದಗಿರಿಯವರಿಗೆ ಯಾಕೆ ಬೇಕು ಅನ್ನುವುದನ್ನು ಬುಡದಿಂದಲೇ ನೋಡೋಣ.

ಯಾವ ಟಿವಿಯ ಮಾತು ಇದು?

ಮನೆಗೆ ಟಿವಿ ಬರುವ ದಾರಿಗಳು ನಾಲ್ಕು. ಕೇಬಲ್ ಒಂದು. ಮಾಳಿಗೆ ಮೇಲಿನ ಛತ್ರಿ, ಅಂದರೆ ಡಿಶ್, ಎರಡನೆಯದು. ಇಂಟರ್ನೆಟ್ ಮೂರನೆಯದು. ನಾಲ್ಕನೆಯದು ಎಲ್ಲಕ್ಕಿಂತ ಹಳೆಯದು: ಊರಿನ ಎತ್ತರದ ಟವರ್‌ನಿಂದ ಹೊರಟ ರೇಡಿಯೋ ಅಲೆಯನ್ನು ಅಂಟೆನಾ ನೇರವಾಗಿ ಹಿಡಿಯುವುದು. ನಾವು ಮಾತಾಡುತ್ತಿರುವುದು ಈ ನಾಲ್ಕನೆಯದರ ಬಗ್ಗೆ.

"ನಮ್ಮನೆ ಟಿವಿ ಡಿಜಿಟಲ್ ಆಗಿ ಎಷ್ಟೋ ವರ್ಷ ಆಯ್ತಲ್ಲ" ಅಂತ ಅನ್ನಿಸಬಹುದು. ನಿಜ, ಕೇಬಲ್ಲೂ ಡಿಶ್ಶೂ ಡಿಜಿಟಲ್ ಆಗಿವೆ. ಆದರೆ ಟವರ್ ಟಿವಿ ಡಿಜಿಟಲ್ ಆಗುವುದು ಬೇರೆ ವಿಷಯ. ಭಾರತದಲ್ಲಿ ಅದು ಕೆಲವೇ ನಗರಗಳಿಗೆ ಬಂತು.

ಬೆಂಗಳೂರಿಗಿಂತ ಮೊದಲೇ ಇಲ್ಲಿ ಟಿವಿ ಇತ್ತು

ಈ ಭಾಗಕ್ಕೂ ಟಿವಿಗೂ ಇರುವ ನಂಟು ದೊಡ್ಡದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೋ ಮತ್ತು ನಾಸಾ ಸೇರಿ 'ಸೈಟ್' ಎಂಬ ಪ್ರಯೋಗ ಮಾಡಿದವು. ನಾಸಾದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲಬರ್ಗಾ ಜಿಲ್ಲೆಯಲ್ಲೇ ಇತ್ತು. ಹಳ್ಳಿಯಲ್ಲಿ ನಿಲ್ಲಿಸಿದ ಛತ್ರಿ ಸುಮಾರು ಮೂರು ಮೀಟರ್ ಅಗಲ. ಅದನ್ನು ಮಾಡಿದ್ದು ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಿಂದ. ಊರವರೆಲ್ಲ ಒಂದೇ ಟಿವಿ ಮುಂದೆ ಕೂತು ಒಕ್ಕಲುತನದ, ಆರೋಗ್ಯದ ಕಾರ್ಯಕ್ರಮ ನೋಡಿದರು.

ಪ್ರಯೋಗ ಮುಗಿದ ಮೇಲೆ ಉಪಗ್ರಹ ಇಲ್ಲಿಂದ ಸರಿಯಿತು. ಅದರ ಜಾಗದಲ್ಲಿ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಟವರ್ ಶುರುವಾಯಿತು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗಿದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ನಾಲ್ಕು ವರ್ಷ ಮೊದಲು ನಮ್ಮಲ್ಲಿ ಟಿವಿ ಬಂದಿತ್ತು. ಇದನ್ನು ಹೆಮ್ಮೆಯಿಂದಲೇ ಹೇಳಬೇಕು.

ಆ ಟವರ್ ಕಳಿಸುತ್ತಿದ್ದದ್ದು ಅನಲಾಗ್ ಸಿಗ್ನಲ್, ಅಂದರೆ ಡಿಜಿಟಲ್‌ಗಿಂತ ಮೊದಲಿನ ಹಳೆಯ ಪದ್ಧತಿ. ಮೊದಲು ಕಪ್ಪು ಬಿಳುಪು, ಆಮೇಲೆ ಬಣ್ಣ. ಸಿಗ್ನಲ್ ಕ್ಷೀಣಿಸಿದರೆ ಪರದೆ ಮೇಲೆ ಚುಕ್ಕೆ ಚುಕ್ಕೆ. ಒಬ್ಬರು ಮಾಳಿಗೆ ಹತ್ತಿ ಅಂಟೆನಾ ತಿರುಗಿಸುವುದು, ಕೆಳಗಿನವರು "ಬಂತು, ಬಂತು, ಮತ್ತ ಹೋತು" ಅಂತ ಕೂಗುವುದು. ನಲವತ್ತು ದಾಟಿದವರಿಗೆ ಇದನ್ನು ವಿವರಿಸಬೇಕಿಲ್ಲ.

2021ರಲ್ಲಿ ಪ್ರಸಾರ ಭಾರತಿ ದೇಶದ ಅನಲಾಗ್ ಟವರ್‌ಗಳನ್ನು ಹಂತ ಹಂತವಾಗಿ ನಿಲ್ಲಿಸುತ್ತಿದ್ದಾಗ "ಕಲಬುರಗಿ ದೂರದರ್ಶನ ಮುಚ್ಚುತ್ತದೆ" ಎಂಬ ಸುದ್ದಿ ಹರಡಿತು. ಪ್ರಸಾರ ಭಾರತಿ ಕೊಟ್ಟ ಸ್ಪಷ್ಟನೆ ಹೀಗಿತ್ತು: ನಿಲ್ಲುವುದು ಹಳೆಯ ಅನಲಾಗ್ ಪ್ರಸಾರ, ಕೇಂದ್ರ ಮುಚ್ಚುವುದಿಲ್ಲ. ಇಲ್ಲಿ ತಯಾರಾದ ಕಾರ್ಯಕ್ರಮ ಡಿಡಿ ಚಂದನದಲ್ಲಿ ಮತ್ತು ಯೂಟ್ಯೂಬ್‌ನಲ್ಲಿ ಬರುತ್ತದೆ. ಆಯಕಟ್ಟಿನ ಜಾಗಗಳ ಸುಮಾರು 50 ಟವರ್ ಬಿಟ್ಟು ಉಳಿದ ಅನಲಾಗ್ ಟವರ್‌ಗಳನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸುವ ಯೋಜನೆ ಅದು. ಕೇಂದ್ರ ಉಳಿಯಿತು, ಒಳ್ಳೆಯದೇ. ಆದರೆ ಅಂಟೆನಾ ಹಿಡಿಯುತ್ತಿದ್ದ ಪ್ರಸಾರ ಹೋಯಿತು. ಅದೇ ಸ್ಪಷ್ಟನೆಯಲ್ಲಿ, ಐಐಟಿ ಕಾನ್ಪುರದ ಜತೆ ಸೇರಿ ನೇರವಾಗಿ ಮೊಬೈಲ್‌ಗೆ ಪ್ರಸಾರ ಮಾಡುವ ಹೊಸ ವ್ಯವಸ್ಥೆಗೆ ದಾರಿ ಹುಡುಕುತ್ತಿದ್ದೇವೆ ಎಂಬ ಮಾತೂ ಇತ್ತು. ಈಗ ಅಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆಯ ಮೂಲ ಅಲ್ಲಿದೆ.

ಮಾನದಂಡ ಅಂದರೆ ಏನು?

ಟವರ್ ಹೇಗೆ ಕಳಿಸಬೇಕು, ಟಿವಿ ಅದನ್ನು ಹೇಗೆ ಬಿಡಿಸಿ ನೋಡಬೇಕು ಅಂತ ಎರಡೂ ಕಡೆಯವರು ಒಪ್ಪಿಕೊಂಡ ನಿಯಮಗಳ ಪಟ್ಟಿಯೇ ಪ್ರಸಾರ ಮಾನದಂಡ. ಒಂದು ಕಡೆ ನಿಯಮ ಬದಲಾದರೆ ಇನ್ನೊಂದು ಕಡೆಯೂ ಬದಲಾಗಲೇಬೇಕು. ಟವರ್‌ಗಳು ನೂರರ ಲೆಕ್ಕದಲ್ಲಿರುತ್ತವೆ, ಅವನ್ನು ಬದಲಿಸಬಹುದು. ಟಿವಿಗಳು ಕೋಟಿಗಟ್ಟಲೆ, ಅವಿರುವುದು ಜನರ ಮನೆಯಲ್ಲಿ, ಜನರ ದುಡ್ಡಿನಲ್ಲಿ. ಎಲ್ಲ ದೇಶಗಳ ಜಗಳವೂ ಶುರುವಾಗುವುದು ಇಲ್ಲೇ.

ಜಗತ್ತಿನಲ್ಲಿ ಈ ನಿಯಮಗಳ ಕುಟುಂಬಗಳು ಹಲವಿವೆ. ಯುರೋಪಿನದು ಡಿವಿಬಿ. ಅದರ ಟವರ್ ಟಿವಿ ಆವೃತ್ತಿ ಡಿವಿಬಿ-ಟಿ, ಎರಡನೇ ತಲೆಮಾರು ಡಿವಿಬಿ-ಟಿ2. ಅಮೆರಿಕದ್ದು ಎಟಿಎಸ್‌ಸಿ. ಅದರ ಮೊದಲನೆಯದು 1.0, ಹೊಸದು 3.0. ಜಪಾನ್ ಮತ್ತು ಚೀನಾಗಳದ್ದು ಬೇರೆ ಬೇರೆ. ಭಾರತ ಡಿವಿಬಿ ದಾರಿ ಹಿಡಿಯಿತು. 2016ರ ಫೆಬ್ರುವರಿಯಲ್ಲಿ ದೂರದರ್ಶನ ಬೆಂಗಳೂರೂ ಸೇರಿ 16 ನಗರಗಳಲ್ಲಿ ಡಿವಿಬಿ-ಟಿ2 ಸೇವೆಯನ್ನು ಪ್ರಕಟಿಸಿತು. ಆ ಪಟ್ಟಿಯಲ್ಲಿ ಕಲಬುರಗಿ ಇರಲಿಲ್ಲ.

ಹೊಸ ಮಾನದಂಡದಲ್ಲಿ ಹೊಸದೇನು?

ಇದು ಸ್ವಲ್ಪ ಆಳದ ಭಾಗ. ನಿಧಾನವಾಗಿ ಓದಿ, ಕಷ್ಟವೇನಿಲ್ಲ. ಬದಲಾಗುವುದು ಮುಖ್ಯವಾಗಿ ಮೂರು ಸಂಗತಿ.

ಒಂದು, ಚಿತ್ರವನ್ನು ಕುಗ್ಗಿಸುವ ರೀತಿ. ಡಿಜಿಟಲ್ ಮಾಹಿತಿಯ ಅತಿ ಸಣ್ಣ ತುಣುಕು, ಅಂದರೆ ಒಂದು 0 ಅಥವಾ 1, ಅದೇ ಬಿಟ್. ಎಚ್‌ಡಿ ಚಿತ್ರವನ್ನು ಹಾಗೇ ಕಳಿಸಿದರೆ ಸೆಕೆಂಡಿಗೆ ಸುಮಾರು 150 ಕೋಟಿ ಬಿಟ್ ಬೇಕು. ಟವರ್ ಟಿವಿಯ ಒಂದು ಪಟ್ಟೆ, ಅಂದರೆ 8 ಮೆಗಾಹರ್ಟ್ಸ್ ಜಾಗದಲ್ಲಿ, ಡಿವಿಬಿ-ಟಿ2 ಬಳಸಿ ಸುಮಾರು 4 ಕೋಟಿ ಬಿಟ್ ಸಾಗಿಸಬಹುದು. ಆದ್ದರಿಂದ ಚಿತ್ರವನ್ನು ಕುಗ್ಗಿಸಲೇಬೇಕು. ಹಿಂದಿನ ಫ್ರೇಮಿಗೂ ಈಗಿನ ಫ್ರೇಮಿಗೂ ಏನು ಬದಲಾಗಿದೆಯೋ ಅಷ್ಟನ್ನು ಮಾತ್ರ ಕಳಿಸುವುದು ಇದರ ತಿರುಳು. ವಾರ್ತೆ ಓದುವವರ ಹಿಂದಿನ ಗೋಡೆಯನ್ನು ಪ್ರತಿ ಸಲ ಕಳಿಸುವ ಅಗತ್ಯವಿಲ್ಲ ಅಲ್ವಾ? 1990ರ ದಶಕದ ಎಂಪೆಗ್-2 ಪದ್ಧತಿಯಲ್ಲಿ ಒಂದು ಎಚ್‌ಡಿ ಚಾನೆಲ್‌ಗೆ ಒಂದೂವರೆ ಕೋಟಿ ಬಿಟ್‌ನಷ್ಟು ಹಿಡಿಯುತ್ತಿತ್ತು. 2003ರ ಎಚ್.264 ಅದನ್ನು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿತು. 2013ರ ಎಚ್‌ಇವಿಸಿ ಮತ್ತೆ ಅರ್ಧಕ್ಕೆ ತಂತು. ಹೀಗಾಗಿ ಎರಡು ಮೂರು ಚಾನೆಲ್ ಹಿಡಿಸುತ್ತಿದ್ದ ಜಾಗದಲ್ಲಿ ಈಗ ಎಂಟು ಹತ್ತು ಹಿಡಿಸುತ್ತವೆ.

ಎರಡು, ಅಲೆಯ ಮೇಲೆ ಬಿಟ್‌ಗಳನ್ನು ಹೇರುವ ರೀತಿ. ಟವರ್‌ನಿಂದ ಹೊರಟ ಅಲೆ ನೇರವಾಗಿಯೂ ಬರುತ್ತದೆ, ಕಟ್ಟಡಕ್ಕೋ ನೀರಿನ ಟ್ಯಾಂಕಿಗೋ ಬಡಿದು ತುಸು ತಡವಾಗಿಯೂ ಬರುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ನಿಂತು ಅವಸರದಲ್ಲಿ ಮಾತಾಡಿ ನೋಡಿ: ಮೊದಲ ಶಬ್ದದ ಪ್ರತಿಧ್ವನಿ ಮರಳುವಷ್ಟರಲ್ಲಿ ಮುಂದಿನ ಶಬ್ದ ಹೊರಟಿರುತ್ತದೆ, ಎರಡೂ ಕಲಸಿಹೋಗುತ್ತವೆ. ಒಂದೊಂದೇ ಶಬ್ದವನ್ನು ನಿಧಾನವಾಗಿ, ನಡುವೆ ಬಿಡುವು ಕೊಟ್ಟು ಆಡಿದರೆ ಎಲ್ಲ ತಿಳಿಯುತ್ತದೆ. ಅಮೆರಿಕದ ಎಟಿಎಸ್‌ಸಿ 1.0 ಒಂದೇ ಅಲೆಯ ಮೇಲೆ ಸೆಕೆಂಡಿಗೆ ಒಂದು ಕೋಟಿಗೂ ಜಾಸ್ತಿ ಸಂಕೇತಗಳನ್ನು ಅವಸರದಲ್ಲಿ ಕಳಿಸುತ್ತದೆ. ಡಿವಿಬಿ ಅದೇ ಮಾಹಿತಿಯನ್ನು ಸಾವಿರಾರು ಸಣ್ಣ ಅಲೆಗಳಿಗೆ ಹಂಚುತ್ತದೆ. ಡಿವಿಬಿ-ಟಿ2ರಲ್ಲಿ ಅಂಥ ಅಲೆಗಳು 27 ಸಾವಿರ ದಾಟಬಹುದು. ಆಗ ಪ್ರತಿ ಅಲೆ ಸೆಕೆಂಡಿಗೆ ಸುಮಾರು 250 ಸಂಕೇತ ಕಳಿಸಿದರೆ ಸಾಕು. ಎರಡರ ನಡುವೆ ಬಿಡುವೂ ಇರುತ್ತದೆ. ಆ ಬಿಡುವಿನಲ್ಲಿ ಪ್ರತಿಧ್ವನಿ ಅಡಗುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಹತ್ತಿರದ ಹಲವು ಟವರ್‌ಗಳು ಒಂದೇ ತರಂಗಾಂತರದಲ್ಲಿ ಒಂದೇ ಕಾರ್ಯಕ್ರಮ ಕಳಿಸಬಹುದು. ದೂರದ ಟವರ್‌ನಿಂದ ತಡವಾಗಿ ಬಂದದ್ದನ್ನೂ ರಿಸೀವರ್ ಇನ್ನೊಂದು ಪ್ರತಿಧ್ವನಿ ಅಂತಲೇ ನೋಡುತ್ತದೆ, ಗಲಿಬಿಲಿ ಆಗುವುದಿಲ್ಲ.

ಮೂರು, ತಪ್ಪು ತಿದ್ದುವ ಗಣಿತ. ದಾರಿಯಲ್ಲಿ ಕೆಲವು ಬಿಟ್ ಕೆಟ್ಟೇ ಕೆಡುತ್ತವೆ. ಅವನ್ನು ಸರಿಪಡಿಸಲು ಒಂದಷ್ಟು ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿ ಕಳಿಸುತ್ತಾರೆ. ಗದ್ದಲ ಇರುವ ದಾರಿಯಲ್ಲಿ ತಪ್ಪಿಲ್ಲದೆ ಎಷ್ಟು ಮಾಹಿತಿ ಸಾಗಿಸಬಹುದು ಎಂಬುದಕ್ಕೆ ಒಂದು ಮಿತಿ ಇದೆ ಎಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ ತೋರಿಸಿದ್ದರು. ಆ ಮಿತಿಯ ಹತ್ತಿರ ಹೋಗುವ ಒಂದು ವಿಧಾನವನ್ನು ರಾಬರ್ಟ್ ಗ್ಯಾಲಗರ್ 1960ರ ಹೊತ್ತಿಗೆ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಕಂಡುಹಿಡಿದರು. ಅಷ್ಟು ಲೆಕ್ಕ ಮಾಡುವ ಶಕ್ತಿ ಆಗಿನ ಯಂತ್ರಗಳಿಗೆ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಅದು ಮೂಲೆಗೆ ಬಿದ್ದಿತ್ತು. ಈಗ ಡಿವಿಬಿ-ಟಿ2, ಎಟಿಎಸ್‌ಸಿ 3.0 ಎರಡರಲ್ಲೂ ಬಳಕೆಯಾಗುವುದು ಅದೇ ವಿಧಾನ.

ಇಲ್ಲೊಂದು ಮುಖ್ಯ ಅಂಶವಿದೆ, ಚರ್ಚೆಗಳಲ್ಲಿ ಇದು ಸಾಮಾನ್ಯವಾಗಿ ಮರೆತುಹೋಗುತ್ತದೆ. ಮೊದಲ ತಲೆಮಾರಿನಿಂದ ಎರಡನೆಯದಕ್ಕೆ ಹೋದಾಗ ಲಾಭ ದೊಡ್ಡದಿತ್ತು. ಬ್ರಿಟನ್ನಿನಲ್ಲಿ ಅದೇ 8 ಮೆಗಾಹರ್ಟ್ಸ್ ಜಾಗದ ಸಾಮರ್ಥ್ಯ ಸುಮಾರು 2.4 ಕೋಟಿ ಬಿಟ್‌ನಿಂದ 4 ಕೋಟಿಗೆ ಏರಿತು. ಆದರೆ ಡಿವಿಬಿ-ಟಿ2 ಈಗಾಗಲೇ ಶಾನನ್ ಮಿತಿಗೆ ತೀರಾ ಹತ್ತಿರ ಬಂದಿದೆ. ಅಲ್ಲಿಂದ ಮುಂದೆ ಯಾವ ಹೊಸ ಹೆಸರಿನ ಮಾನದಂಡ ಬಂದರೂ ಅದೇ ಜಾಗದಲ್ಲಿ ದುಪ್ಪಟ್ಟು ಮಾಹಿತಿ ತುರುಕಲು ಆಗದು. ಹೊಸದರ ಬಲ ಇರುವುದು ಬೇರೆ ಕಡೆ: ಇಂಟರ್ನೆಟ್ ಜತೆ ಸುಲಭವಾಗಿ ಬೆರೆಯುವುದು, ಒಂದೇ ಪಟ್ಟೆಯಲ್ಲಿ ಮನೆ ಟಿವಿಗೂ ಫೋನಿಗೂ ಬೇರೆ ಬೇರೆ ಹರಿವು ಕಳಿಸುವುದು, ಅಪಾಯದ ಸೂಚನೆಯನ್ನು ಆಯಾ ಪ್ರದೇಶಕ್ಕೆ ಮಾತ್ರ ಮುಟ್ಟಿಸುವುದು.

ಅಮೆರಿಕದಲ್ಲಿ ಜಗಳ ಯಾಕೆ?

ಅಮೆರಿಕ 2009ರ ಜೂನ್ 12ರಂದು ಅನಲಾಗ್ ನಿಲ್ಲಿಸಿತು. ಡಿಜಿಟಲ್ ಸಿಗ್ನಲ್ ಹಿಡಿದು ಹಳೆ ಟಿವಿಗೆ ಕೊಡುವ ಡಬ್ಬಿ (ಸೆಟ್‌ಟಾಪ್ ಬಾಕ್ಸ್) ಕೊಳ್ಳಲು ಸರ್ಕಾರ ಜನರಿಗೆ 40 ಡಾಲರ್‌ನ ಕೂಪನ್ ಕೊಟ್ಟಿತು. ಜನ ಹೊಸದಕ್ಕೆ ಹೊಂದಿಕೊಂಡರು. 2017ರಲ್ಲಿ ಎಟಿಎಸ್‌ಸಿ 3.0ಗೆ ಅನುಮತಿ ಸಿಕ್ಕಿತು. ತೊಂದರೆ ಏನೆಂದರೆ, 1.0 ಟಿವಿಯಲ್ಲಿ 3.0 ಸಿಗ್ನಲ್ ಬರುವುದೇ ಇಲ್ಲ. ಆದ್ದರಿಂದ ಎರಡನ್ನೂ ಜತೆಜತೆಗೆ ಕಳಿಸಿ ಎಂಬ ಷರತ್ತು ಹಾಕಿದರು. ಪ್ರಸಾರಕರಿಗೆ ಇದು ಹೊರೆ, ಹಳೆಯದನ್ನು ನಿಲ್ಲಿಸಲು ದಿನಾಂಕ ಕೊಡಿ ಅಂತ ಅವರು ಕೇಳುತ್ತಿದ್ದಾರೆ. ಅದರ ಮೇಲೆ, ಉಚಿತ ಪ್ರಸಾರಕ್ಕೂ ಕೆಲವರು ಗೂಢಲಿಪಿಯ ಬೀಗ ಹಾಕಿದ್ದರಿಂದ ಕೆಲವು ಡಬ್ಬಿಗಳಲ್ಲಿ ಚಾನೆಲ್ ಬರಲಿಲ್ಲ. ಪೇಟೆಂಟ್ ವ್ಯಾಜ್ಯದಿಂದಾಗಿ ಎಲ್‌ಜಿ ಅಲ್ಲಿನ ತನ್ನ ಟಿವಿಗಳಲ್ಲಿ 3.0 ಟ್ಯೂನರ್, ಅಂದರೆ ಆ ಸಿಗ್ನಲ್ ಹಿಡಿಯುವ ಭಾಗ, ಹಾಕುವುದನ್ನೇ ನಿಲ್ಲಿಸಿತು.

ಕೊರಿಯಾ 2017ರಲ್ಲೇ 3.0 ಶುರುಮಾಡಿದೆ. ಬ್ರೆಜಿಲ್ ತನ್ನ ಮುಂದಿನ ಟಿವಿಗೆ ಅದನ್ನೇ ಆರಿಸಿಕೊಂಡಿದೆ. ಜರ್ಮನಿ 2017ರ ಮಾರ್ಚ್‌ನಲ್ಲಿ ಡಿವಿಬಿ-ಟಿ2ಗೆ, ಎಚ್‌ಇವಿಸಿ ಜತೆಗೇ ಹೋಯಿತು. ಅಲ್ಲಿಯೂ ಜನ ಹೊಸ ಡಬ್ಬಿ ಕೊಂಡರು. ಯಾವ ದೇಶದಲ್ಲೂ ರಿಸೀವರ್‌ನ ಖರ್ಚು ತಪ್ಪಲಿಲ್ಲ.

ಫೋನಿಗೆ ಟಿವಿ ಮುಟ್ಟಿಸುವುದು ಯಾಕೆ ಕಷ್ಟ?

ಭಾರತದ ಚರ್ಚೆ ಮನೆ ಟಿವಿಗಿಂತ ಫೋನಿನ ಸುತ್ತಲೇ ಇದೆ. ಡೈರೆಕ್ಟ್ ಟು ಮೊಬೈಲ್, ಚಿಕ್ಕದಾಗಿ ಡಿ2ಎಂ, ಅನ್ನುವುದು ಇದಕ್ಕೇ. ಐಐಟಿ ಕಾನ್ಪುರ, ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಕಂಪನಿ ಮತ್ತು ಪ್ರಸಾರ ಭಾರತಿ ಸೇರಿ ಬೆಂಗಳೂರು, ದೆಹಲಿ, ನೋಯ್ಡಾದಲ್ಲಿ ಎಟಿಎಸ್‌ಸಿ 3.0 ಆಧರಿಸಿ ಪ್ರಯೋಗ ಮಾಡಿವೆ. 19 ನಗರಗಳಲ್ಲಿ ಪರೀಕ್ಷೆ ನಡೆಸುವ, 470ರಿಂದ 582 ಮೆಗಾಹರ್ಟ್ಸ್ ಪಟ್ಟೆಯನ್ನು ಇದಕ್ಕೆ ಮೀಸಲಿಡುವ ಮಾತನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾರ್ಯದರ್ಶಿ 2024ರ ಜನವರಿಯಲ್ಲಿ ಆಡಿದ್ದರು.

ಇದರ ಹಿಂದಿನ ಲೆಕ್ಕ ಸರಳ. ಕ್ರಿಕೆಟ್ ಫೈನಲ್ ದಿನ ಒಂದು ಊರಿನ ಹತ್ತು ಸಾವಿರ ಜನ ಫೋನಿನಲ್ಲಿ ಪಂದ್ಯ ನೋಡಿದರೆ ಮೊಬೈಲ್ ಜಾಲ ಅದೇ ಚಿತ್ರವನ್ನು ಹತ್ತು ಸಾವಿರ ಸಲ ಕಳಿಸಬೇಕು. ಪ್ರಸಾರದ ಟವರ್ ಒಂದೇ ಸಲ ಕಳಿಸುತ್ತದೆ. ನೋಡುವವರು ಹತ್ತಿರಲಿ, ಹತ್ತು ಲಕ್ಷ ಇರಲಿ, ಅದಕ್ಕೆ ಖರ್ಚು ಅಷ್ಟೇ.

ಕಷ್ಟ ಇರುವುದು ಹಿಡಿಯುವ ಕಡೆ. 600 ಮೆಗಾಹರ್ಟ್ಸ್ ಅಲೆಯ ಉದ್ದ ಅರ್ಧ ಮೀಟರ್. ಅದನ್ನು ಚೆನ್ನಾಗಿ ಹಿಡಿಯಲು ಅದರ ಅರ್ಧದಷ್ಟು, ಅಂದರೆ 25 ಸೆಂಟಿಮೀಟರ್ ಕಡ್ಡಿ ಬೇಕು. ಮಾಳಿಗೆಯ ಅಂಟೆನಾದಲ್ಲಿ ಅಂಥ ಅಲ್ಯೂಮಿನಿಯಂ ಕಡ್ಡಿಗಳು ಸಾಲಾಗಿರುತ್ತವೆ, ಎಲ್ಲ ಟವರ್ ಕಡೆಗೇ ಮುಖ ಮಾಡಿರುತ್ತವೆ. ಫೋನು ಪೂರ್ತಿ ಅಳೆದರೂ 16 ಸೆಂಟಿಮೀಟರ್ ಆಸುಪಾಸು. ಅದು ಜೇಬಿನಲ್ಲಿ, ಬಸ್ಸಿನಲ್ಲಿ, ಶಹಾಬಾದ್ ಕಲ್ಲಿನ ದಪ್ಪ ಗೋಡೆಯ ಮನೆಯೊಳಗೆ ಇರುತ್ತದೆ. ಎಫ್‌ಎಂ ಕೇಳಲು ಫೋನಿಗೆ ಇಯರ್‌ಫೋನ್ ವೈರ್ ಸಿಕ್ಕಿಸಿ ಅನ್ನುತ್ತಾರಲ್ಲ, ಕಾರಣ ಇದೇ: ಆ ವೈರೇ ಅಂಟೆನಾ. ಇಷ್ಟು ಕ್ಷೀಣ ಸಿಗ್ನಲ್‌ನಲ್ಲೂ ಚಿತ್ರ ಒಡೆಯಬಾರದು ಅಂದರೆ ತಪ್ಪು ತಿದ್ದುವ ಬಿಟ್‌ಗಳನ್ನು ಜಾಸ್ತಿ ಹಾಕಬೇಕು. ಆಗ ಚಿತ್ರಕ್ಕೆ ಸಿಗುವ ಜಾಗ ಕಡಿಮೆಯಾಗುತ್ತದೆ. ಇಲ್ಲವೇ ಟವರ್‌ಗಳನ್ನು ಹೆಚ್ಚಿಸಬೇಕು. ಯಾವ ಮಾನದಂಡ ತಂದರೂ ಈ ಭೌತಶಾಸ್ತ್ರ ಬದಲಾಗುವುದಿಲ್ಲ.

ಇನ್ನೊಂದು, ಫೋನಿನೊಳಗೆ ಅದಕ್ಕೆ ತಕ್ಕ ಚಿಪ್ ಬೇಕು. ಸ್ಯಾಮ್‌ಸಂಗ್, ಕ್ವಾಲ್‌ಕಾಮ್‌ನಂಥ ಕಂಪನಿಗಳು 2023ರಲ್ಲಿ ಇದಕ್ಕೆ ತಕರಾರು ಎತ್ತಿದ್ದವು. ಪ್ರತಿ ಫೋನಿನ ಬೆಲೆ 30 ಡಾಲರ್‌ನಷ್ಟು ಏರಬಹುದು ಎಂಬುದು ಅವರ ವಾದ. ಮೊಬೈಲ್ ಜಾಲದ ತಂತ್ರಜ್ಞಾನದಿಂದಲೇ ಹುಟ್ಟಿದ 5ಜಿ ಬ್ರಾಡ್‌ಕಾಸ್ಟ್ ಎಂಬ ಇನ್ನೊಂದು ದಾರಿಯೂ ಇದೆ. ಯುರೋಪಿನಲ್ಲಿ ಅದರ ಪ್ರಯೋಗಗಳು ನಡೆದಿವೆ.

2016ರ ಡಿವಿಬಿ-ಟಿ2 ಸೇವೆಯನ್ನು ಪ್ರಚಾರ ಮಾಡಿದ್ದೂ "ಫೋನಿನಲ್ಲಿ ಟಿವಿ ನೋಡಿ" ಅಂತಲೇ. ಫೋನಿಗೆ ಒಂದು ಪುಟ್ಟ ಡಾಂಗಲ್ ಸಿಕ್ಕಿಸಿದರೆ ದೂರದರ್ಶನದ ಚಾನೆಲ್‌ಗಳು ಬರುತ್ತಿದ್ದವು. ಮಾನದಂಡ ಒಳ್ಳೆಯದೇ ಇತ್ತು, ಸಿಗ್ನಲ್ಲೂ ಇತ್ತು. ಆದರೆ ಡಾಂಗಲ್ ಜನರ ಕೈಗೆ ಬರಲಿಲ್ಲ. ನನಗೆ ಈ ಪಾಠ ದೊಡ್ಡದು ಅನ್ನಿಸುತ್ತದೆ.

ಹಾಗಾದರೆ ಬೇಕೋ, ಬೇಡವೋ?

ಅಮೆರಿಕಕ್ಕೆ ಹೊಸದು ಬೇಕು ಎಂಬ ವಾದಕ್ಕೆ ತೂಕವಿದೆ. ಅವರ 1.0 ನಿಜಕ್ಕೂ ಹಳೆಯದು, ಓಡಾಡುತ್ತ ನೋಡಲು ಬಾರದ್ದು. ಡಿವಿಬಿ-ಟಿ2 ಮನೆಮನೆಯಲ್ಲಿರುವ ದೇಶಗಳಿಗೆ ಅವಸರವೇನಿಲ್ಲ.

ಕಲಬುರಗಿಯ ಸ್ಥಿತಿ ಎರಡಕ್ಕಿಂತ ಬೇರೆ. ಇಲ್ಲಿ ಅನಲಾಗ್ ಹೋಯಿತು, ಅದರ ಜಾಗಕ್ಕೆ ಡಿವಿಬಿ-ಟಿ2 ಬರಲಿಲ್ಲ. ಯಾವ ಮಾನದಂಡ ಆರಿಸಿದರೂ ನಮ್ಮ ಮನೆಯ ಯಾವ ಡಬ್ಬಿಯೂ ದಂಡವಾಗುವುದಿಲ್ಲ, ಯಾಕೆಂದರೆ ಅಂಥ ಡಬ್ಬಿ ಇಲ್ಲಿ ಬಂದೇ ಇಲ್ಲ. ಹಳೆಯದನ್ನೂ ಹೊಸದನ್ನೂ ಜತೆಗೆ ನಡೆಸುವ ಹೊರೆಯೂ ಇಲ್ಲ. ಇದೊಂದು ಅನುಕೂಲ. ಸಮತಟ್ಟಾದ ಎರೆ ಭೂಮಿಯೂ ಅನುಕೂಲವೇ. ಅಡ್ಡ ಬರುವ ಗುಡ್ಡಗಳು ಕಮ್ಮಿ ಇರುವ ಕಡೆ ಎತ್ತರದ ಒಂದು ಟವರ್ ಬಹುದೂರ ಮುಟ್ಟುತ್ತದೆ.

ಡಿಶ್ ಇದೆಯಲ್ಲ, ಟವರ್ ಯಾಕೆ ಅಂತ ಕೇಳಬಹುದು. ಡಿಡಿ ಫ್ರೀ ಡಿಶ್ ದೇಶದ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬ ಅಂದಾಜಿದೆ. ತಿಂಗಳ ಶುಲ್ಕ ಇಲ್ಲ. ಮನೆಯಲ್ಲಿ ಕೂತು ನೋಡುವವರಿಗೆ ಅದು ಚೆನ್ನಾಗಿಯೇ ಸಾಕು. ಆದರೆ ಜೋರು ಮಳೆ ಬಂದರೆ ಛತ್ರಿಯ ಸಿಗ್ನಲ್ ಕಡಿಯುತ್ತದೆ, ಅದರ ಅಲೆ ಎರಡೂವರೆ ಸೆಂಟಿಮೀಟರಿನಷ್ಟೇ ಉದ್ದ, ಮಳೆ ಹನಿಗಳು ಅದನ್ನು ಹೀರುತ್ತವೆ. ಟವರ್ ಟಿವಿಯ ಅರ್ಧ ಮೀಟರ್ ಅಲೆಗೆ ಮಳೆ ಲೆಕ್ಕಕ್ಕಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂಥ ದಿನ ಕರೆಂಟ್ ಇರುವುದಿಲ್ಲ, ಮೊಬೈಲ್ ಟವರ್‌ನ ಬ್ಯಾಟರಿ ಮುಗಿಯುತ್ತದೆ. ನೀರು ಎಷ್ಟು ಬಿಡುತ್ತಿದ್ದಾರೆ, ಎಲ್ಲಿಗೆ ಹೋಗಬೇಕು ಅನ್ನುವುದನ್ನು ದೂರದ ಒಂದು ಟವರ್ ಎಲ್ಲರ ಕೈಯ ಫೋನಿಗೂ ಕನ್ನಡದಲ್ಲಿ ಮುಟ್ಟಿಸುವಂತಾದರೆ ಅದರ ಬೆಲೆ ಬೇರೆಯೇ. ಹೊಸ ಮಾನದಂಡದ ಪರವಾಗಿ ನನಗೆ ಕಾಣುವ ಗಟ್ಟಿ ಕಾರಣ ಇದು. ಮನರಂಜನೆ ಆಮೇಲಿನದು.

ಆದ್ದರಿಂದ ಈ ಭಾಗದವರು ಕೇಳಬೇಕಾದ ಪ್ರಶ್ನೆಗಳು ಹೀಗಿವೆ. ಪರೀಕ್ಷೆ ಮುಗಿದು ಸೇವೆ ಶುರುವಾದಾಗ ಕಲಬುರಗಿ ಮೊದಲ ಪಟ್ಟಿಯಲ್ಲಿ ಇರುತ್ತದೆಯೇ? ಉಚಿತ ಚಾನೆಲ್‌ಗಳು ಬೀಗವಿಲ್ಲದೆ ಬರುತ್ತವೆಯೇ? ಅಗ್ಗದ ಕೀಪ್ಯಾಡ್ ಫೋನಿನಲ್ಲೂ ಆ ಚಿಪ್ ಇರುತ್ತದೆಯೇ? ಡಿವಿಬಿಯೋ ಎಟಿಎಸ್‌ಸಿಯೋ ಅನ್ನುವುದು ಇವುಗಳ ನಂತರ ಬರುವ ಮಾತು.

ಸದ್ಯಕ್ಕೆ ಏನು ಮಾಡಬಹುದು?

ಯಾರಾದರೂ "ಈ ಆ್ಯಪ್ ಹಾಕಿಕೊಳ್ಳಿ, ನೆಟ್ ಇಲ್ಲದೆ ಟಿವಿ ಬರುತ್ತೆ" ಅಂದರೆ ನಂಬಬೇಡಿ. ಡಿ2ಎಂ ಚಿಪ್ ಇಲ್ಲದ ಫೋನಿಗೆ ಆ್ಯಪ್‌ನಿಂದಾಗಲಿ ಅಪ್‌ಡೇಟ್‌ನಿಂದಾಗಲಿ ಅದು ಬರಲು ಸಾಧ್ಯವಿಲ್ಲ. ಅದಕ್ಕೆಂದೇ ಈಗ ಫೋನ್ ಬದಲಿಸುವ ಅಗತ್ಯವೂ ಇಲ್ಲ.

ಮಾಳಿಗೆ ಮೇಲೆ ಹಳೆ ಅಂಟೆನಾ ಇನ್ನೂ ಇದ್ದರೆ ಸುಮ್ನೆ ಗುಜರಿಗೆ ಹಾಕಬೇಡಿ. ಅಂಟೆನಾಗೆ ಅನಲಾಗ್, ಡಿಜಿಟಲ್ ಅನ್ನುವ ಭೇದವಿಲ್ಲ, ಅಲೆಯ ಉದ್ದ ಹೊಂದಿದರೆ ಸಾಕು. ಕಡ್ಡಿಗಳು ಒಂದು ಗೇಣಿನಷ್ಟು ಇದ್ದರೆ ಅದು ಮುಂದಿನ ಡಿಜಿಟಲ್ ಪಟ್ಟೆಗೂ ನಡೆಯುತ್ತದೆ. ಮಾರುದ್ದದ ಕಡ್ಡಿಗಳಿದ್ದರೆ ಅದು ಹಳೆಯ ಕೆಳಗಿನ ಪಟ್ಟೆಗೆ ಮಾಡಿದ್ದು, ಹೊಸದಕ್ಕೆ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ.